ಹತ್ತು ಒಂಬತ್ತುಗಳ ರಾಶಿ

ಪಾರ್ಸೆಲ್ ಕಂಪನಿಯ ಡ್ರೈವರುಗಳು ಆಕೆಗೆ ಇಟ್ಟಿದ್ದ ಹೆಸರು ‘ಇನ್ನೂಬಂದಿಲ್ಲಮ್ಮ’. ಸುಮ್ಮನೆ ಇಟ್ಟದ್ದಲ್ಲ. ಮಧ್ಯಾಹ್ನ ಎರಡಾಯಿತೆಂದರೆ ಆಕೆಯ ಮೇಜಿನ ಫೋನು ಬಡಿದುಕೊಳ್ಳಲು ಶುರುವಾಗುತ್ತಿತ್ತು. “ಅಮ್ಮಾ, ಲಿಸ್ಟ್ ಬಂತಾ?” “ಇನ್ನೂ ಬಂದಿಲ್ಲಪ್ಪ.” ಐದು ನಿಮಿಷ ಬಿಟ್ಟು ಇನ್ನೊಬ್ಬ. ಯಾವ ಗಾಡಿ ಯಾವ ಬೀದಿಗೆ, ಯಾವ ಮನೆ ಮೊದಲು, ಯಾವುದು ಆಮೇಲೆ ಎಂಬ ಪಟ್ಟಿ ಕೈಗೆ ಬರುವ ತನಕ ಸರಕು ತುಂಬುವಂತಿಲ್ಲ. ಮೂರಕ್ಕೆ ಹೊರಡಬೇಕಾದ ಗಾಡಿಗಳು ಐದೂವರೆಗೆ ಹೊರಡುತ್ತಿದ್ದವು. ಬೈಗುಳ ಮಾತ್ರ ನೇರವಾಗಿ ಆಕೆಯ ಕಿವಿಗೇ ಬರುತ್ತಿತ್ತು.

ಆಕೆಗೆ ಐವತ್ತಾರು ವರ್ಷ. ಅದರಲ್ಲಿ ಇಪ್ಪತ್ತೊಂಬತ್ತು ಇದೇ ಕಟ್ಟಡದಲ್ಲಿ ಸವೆದಿದ್ದವು. ಸೇರಿದ ಹೊಸತರಲ್ಲಿ ಪಟ್ಟಿಯನ್ನು ಕೈಯಲ್ಲೇ ಬರೆಯುತ್ತಿದ್ದರು. ಆಮೇಲೆ ಒಂದು ಕಂಪ್ಯೂಟರ್ ಬಂತು. ಪಾರ್ಸೆಲ್ಲುಗಳು ದಿನಕ್ಕೆ ಲಕ್ಷ ದಾಟಿ ಒಂದರ ಕೈಲಿ ಆಗದೆಂದಾಗ ನಲವತ್ತು ಬಂದವು. ಒಂದೊಂದು ಸಲವೂ ಆಕೆ ಅಆಇಈಯಿಂದ ಕಲಿತಳು. ಮೂರನೆಯ ಸಲ ಕಲಿಯುವಾಗ ಕಣ್ಣಿಗೆ ಪೊರೆ ಬರತೊಡಗಿತ್ತು.

ಕೆಲಸದ ಬಗೆ ಹೀಗೆ: ಬೆಳಗಿನ ಪಾರ್ಸೆಲ್ಲುಗಳ ಲೆಕ್ಕವನ್ನು ನಲವತ್ತು ಪಾಲು ಮಾಡಿ ನಲವತ್ತು ಯಂತ್ರಗಳಿಗೆ ಹಂಚುವುದು, ಎಲ್ಲವೂ ಒಟ್ಟಿಗೇ ದುಡಿಯುವುದು. ಪಾರ್ಸೆಲ್ ಪಡೆಯುವವನು ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತಾನೆ, ಹಿಂದಿನ ಸಲ ಬಾಗಿಲು ತೆಗೆದಿದ್ದನೇ ಎಂದು ಹಳೆಯ ದಾಖಲೆ ತೆಗೆದು ಹೊಂದಿಸಬೇಕು. ಅದಕ್ಕೆ ಒಬ್ಬ ಮನುಷ್ಯನದೆಲ್ಲ ಒಂದೇ ಯಂತ್ರಕ್ಕೆ ಹೋಗಬೇಕಾದ್ದರಿಂದ ಫೋನ್ ನಂಬರು ನೋಡಿ ಪಾಲು ಹಾಕುತ್ತಿದ್ದರು. ಎಲ್ಲ ಯಂತ್ರಗಳೂ ಮುಗಿಸಿದ ಮೇಲೇ ಪಟ್ಟಿ.

ತಡವಾಗುತ್ತಿದೆಯೆಂದು ಮ್ಯಾನೇಜರು ನಲವತ್ತನ್ನು ಎಂಬತ್ತು ಮಾಡಿದರು. ಪಟ್ಟಿ ಮತ್ತೆ ಐದಕ್ಕೇ ಬಂತು.

“ಎಂಬತ್ತು ಮಿಷನ್ ಕೊಟ್ಟಿದ್ದೀನಿ ಮೇಡಂ, ಇನ್ನು ನನ್ನ ತಲೇನೂ ಕೊಡ್ಲಾ?”

“ಬೇಡ ಸಾರ್,” ಎಂದಳು. ನಗುವಷ್ಟು ತ್ರಾಣವೂ ಇರಲಿಲ್ಲ.

ಪರದೆಯ ಮೇಲೆ ಯಂತ್ರಕ್ಕೊಂದರಂತೆ ಎಂಬತ್ತು ಗೆರೆಗಳು. ಹನ್ನೆರಡೂವರೆಗೆಲ್ಲ ಎಪ್ಪತ್ತೊಂಬತ್ತು ಕೆಲಸ ಮುಗಿಸಿ ಹಸಿರಾಗುತ್ತಿದ್ದವು. ಒಂದು ಮಾತ್ರ ಐದರ ತನಕ ಹಳದಿಯಾಗಿಯೇ ಏದುಸಿರು ಬಿಡುತ್ತಿತ್ತು. ದಿನವೂ ಅದೇ ಕಥೆ. ಎರಡು ಮೀಟಿಂಗಿನಲ್ಲಿ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೊಂದು ದಿನ ತಾನೇ ಆ ಹಳದಿ ರಾಶಿಯನ್ನು ಬಿಚ್ಚಿ ನೋಡಿದಳು.

ಉದ್ದಕ್ಕೂ ಒಂದೇ ನಂಬರು. ಹತ್ತು ಒಂಬತ್ತುಗಳು. ಆ ದಿನದ ಪಾರ್ಸೆಲ್ಲುಗಳಲ್ಲಿ ಆರರಲ್ಲೊಂದು ಪಾಲು ಅದರದೇ. ಹಳೆಯ ದಾಖಲೆಯಲ್ಲಿ ಲಕ್ಷಗಟ್ಟಲೆ. ಆ ನಂಬರಿನವರೆಲ್ಲ ಒಬ್ಬನೇ ಮನುಷ್ಯ ಎಂದು ನಂಬಿ ಆ ಬಡಪಾಯಿ ಯಂತ್ರ ಇಡೀ ಮಧ್ಯಾಹ್ನ ಹೊಂದಿಸುತ್ತ ಕೂತಿತ್ತು.

“ಇದ್ಯಾವ ಮಹಾರಾಯ, ಸಾವಿರಾರು ಮನೆ ಇಟ್ಕೊಂಡಿದ್ದಾನೆ!” ಎಂದು ತನಗೆ ತಾನೇ ಹೇಳಿಕೊಂಡಳು.

ಅತಿ ಹೆಚ್ಚು ಒಂಬತ್ತುಗಳು ಬರುತ್ತಿದ್ದದ್ದು ಜನರಿಂದ ಪಾರ್ಸೆಲ್ ತೆಗೆದುಕೊಳ್ಳುವ ಒಂದು ಕೌಂಟರಿನಿಂದ; ಅದು ಬಸ್ಸಿನಲ್ಲಿ ನಾಲ್ಕು ಸ್ಟಾಪ್ ಆಚೆ. ಮರುದಿನ ಊಟದ ಹೊತ್ತಿನಲ್ಲಿ ಹೋದಳು. ದಾರಿಯುದ್ದಕ್ಕೂ ಬೈಯಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಅಲ್ಲಿ ಕಿಟಕಿಯ ಮುಂದೆ ಹದಿನಾಲ್ಕು ಜನರ ಸಾಲು. ಒಳಗೆ ಒಬ್ಬಳೇ ಹೆಂಗಸು, ಊದಿದ ಕಾಲುಗಳನ್ನು ಚಪ್ಪಲಿಯಿಂದ ಹೊರಗಿಟ್ಟು ಕೂತಿದ್ದಳು.

“ನಂಬರ್ ಹಾಕದೆ ಸ್ಕ್ರೀನ್ ಮುಂದಕ್ಕೇ ಹೋಗಲ್ಲ ಅಕ್ಕ,” ಎಂದಳು ಆ ಕೌಂಟರಿನವಳು, ಒಂಬತ್ತುಗಳ ಮಾತೆತ್ತಿದ್ದಕ್ಕೆ, ಕೈ ನಿಲ್ಲಿಸದೆ. “ಕಳಿಸೋರಿಗೆ ಎಷ್ಟೋ ಸಲ ಆ ಕಡೆ ತಗೊಳ್ಳೋರ ನಂಬರ್ ಗೊತ್ತಿರಲ್ಲ. ಫೋನ್ ಮಾಡಿ ಕೇಳ್ತೀನಿ ತಾಳಿ ಅಂತಾರೆ. ಹಿಂದಿನವರು ಬಾಯಿಗೆ ಬಂದ ಹಾಗೆ ಮಾತಾಡ್ತಾರೆ. ನಾನೇನ್ ಮಾಡ್ಲಿ, ನೀವೇ ಹೇಳಿ?”

ಬೈಯಲು ಬಂದವಳು ಹೆಗಲಿನ ಚೀಲ ಕೆಳಗಿಟ್ಟಳು.

“ಅಕ್ಕ, ಕಂಪನಿಯವರೇ ತಾನೆ ನೀವು? ಎರಡು ನಿಮಿಷ ಕೂತಿರ್ತೀರಾ? ಬೆಳಗ್ಗೆಯಿಂದ ಎದ್ದಿಲ್ಲ ನಾನು,” ಎಂದವಳು ಉತ್ತರಕ್ಕೂ ಕಾಯದೆ ಒಳಗೋಡಿದಳು.

ಆಕೆ ಕೂತಳು. ಮೊದಲಿಬ್ಬರಿಗೆ ನಂಬರು ಗೊತ್ತಿತ್ತು. ಮೂರನೆಯವನು ಜೇಬೆಲ್ಲ ತಡಕಿ ಚೀಟಿ ಮನೆಯಲ್ಲೇ ಬಿಟ್ಟೆ ಎಂದ. ಹಿಂದಿನಿಂದ ಯಾರೋ “ರೀ, ಇಲ್ಲೇ ಸಂಸಾರ ಹೂಡ್ತೀರಾ?” ಎಂದು ಕೂಗಿದರು. ಆಕೆಯ ಬೆರಳು ತಾನಾಗಿಯೇ ಒಂಬತ್ತರ ಮೇಲೆ ಹೋಗಿ ಕೂತಿತು. ಕೌಂಟರಿನವಳು ವಾಪಸು ಬರುವಷ್ಟರಲ್ಲಿ ಮೂರು ಸಲ ಅದೇ ಮಾಡಿದ್ದಳು.

“ನಾನೂ ಹಾಕ್ಬಿಟ್ಟೆ,” ಎಂದಳು ಎದ್ದು ನಿಂತು. ಅವಳು ನಕ್ಕಳು, ಇವಳಿಗೂ ನಗು ಬಂತು.

ಸರಿಪಡಿಸಲು ಒಂಬತ್ತು ದಿನ ಹಿಡಿಯಿತು. ಆ ನಂಬರಿನವನ್ನೆಲ್ಲ ಬೇರೆ ತೆಗೆದು, ಫೋನಿನ ಬದಲು ಮನೆಯ ವಿಳಾಸ ನೋಡಿ ಎಂಬತ್ತಕ್ಕೂ ಹಂಚುವಂತೆ ಬರೆದಳು. ತಪ್ಪಿತು, ಅಳಿಸಿದಳು, ಮತ್ತೆ ಬರೆದಳು. ಹತ್ತನೆಯ ದಿನ ಒಂದು ಗಂಟೆ ಹತ್ತು ನಿಮಿಷಕ್ಕೆ ಎಂಬತ್ತೂ ಹಸಿರಾದವು. ನಂಬಿಕೆಯಾಗದೆ ಪಟ್ಟಿಯನ್ನು ಎರಡು ಸಲ ತಾಳೆ ನೋಡಿದಳು. ಎರಡಕ್ಕೆ ಫೋನು ಬಂತು.

“ಬಂದಿದೆಯಪ್ಪ, ಬಾ.”

“ಅಮ್ಮಾ, ಹುಷಾರಾಗಿದ್ದೀರಿ ತಾನೆ?”

ಅಂದು ನಾಲ್ಕಕ್ಕೇ ಮನೆಗೆ ಹೋದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದ ಗಂಡ ಕನ್ನಡಕದ ಮೇಲಿನಿಂದ ನೋಡಿದ. “ಏನೇ, ಜ್ವರಾನಾ?”

“ಇಲ್ಲಾ ರೀ. ಕೆಲಸ ಮುಗೀತು.”

“ಅದು ಮುಗಿಯೋದೂ ಉಂಟಾ?”

ಇಬ್ಬರೂ ಚಹಾ ಕುಡಿದರು. ಬಿಸಿಲಿರುವಾಗ ತಮ್ಮ ಮನೆಯ ಗೋಡೆ ಯಾವ ಬಣ್ಣಕ್ಕಿರುತ್ತದೆ ಎಂಬುದೇ ಆಕೆಗೆ ಮರೆತುಹೋಗಿತ್ತು. ಈ ಸುಖ ಹನ್ನೊಂದು ದಿನ ನಡೆಯಿತು.

ಹನ್ನೆರಡನೆಯ ದಿನ ಮ್ಯಾನೇಜರು ಕರೆಸಿದರು. “ಅರ್ಧ ದಿನ ಖಾಲಿ ಇರ್ತೀರಲ್ಲ ಮೇಡಂ. ಪಕ್ಕದ ಎರಡು ಊರಿನ ಲಿಸ್ಟೂ ನೀವೇ ನೋಡ್ಕೊಂಡ್ಬಿಡಿ.” ಮೇಜಿನ ಮೇಲೆ ಅವರು ಮೇಲಿನವರಿಗೆ ಬರೆದ ವರದಿ ಬಿದ್ದಿತ್ತು: ಯಂತ್ರಗಳನ್ನು ಇಮ್ಮಡಿಗೊಳಿಸಿದ್ದರಿಂದ ಮೂರೂ ಮುಕ್ಕಾಲು ಗಂಟೆಯ ಉಳಿತಾಯ. ಆಕೆಗೆ ಸಿಟ್ಟು ಬಂತು. ಆದರೆ ಸಿಟ್ಟನ್ನು ಬಾಯಿಯವರೆಗೆ ತರಲು ಬೇಕಾದ ಕಸುವು ಬರಲಿಲ್ಲ. “ಆಯ್ತು ಸಾರ್. ಕೌಂಟರಿನ ಸ್ಕ್ರೀನಲ್ಲಿ ‘ನಂಬರ್ ಇಲ್ಲ’ ಅಂತ ಒಂದು ಬಟನ್ ಹಾಕಿಸಿ,” ಎಂದಷ್ಟೇ ಕೇಳಿದಳು. ಅವರು ಡೈರಿಯಲ್ಲಿ ಬರೆದುಕೊಂಡರು. ಬಟನ್ ಬರಲು ಐದು ತಿಂಗಳಾಯಿತು.

ಬಂದ ದಿನ ಕೌಂಟರಿಗೆ ತಾನೇ ಫೋನು ಮಾಡಿದಳು. “ಬಂದಿದೆ ಅಕ್ಕ,” ಎಂದಳು ಅವಳು. “ಎಲ್ಲೋ ಮೂಲೆಯಲ್ಲಿ ಹಾಕಿದ್ದಾರೆ, ಹುಡುಕ್ಬೇಕು. ಆದ್ರೂ ಒತ್ತೀನಿ, ನಿಮಗೋಸ್ಕರ.”

ಆ ಹೊತ್ತಿಗೆ ಮೂರು ಊರುಗಳ ಪಟ್ಟಿ ಮುಗಿಸಿ ಆಕೆ ಏಳುವಾಗ ಮತ್ತೆ ಆರಾಗುತ್ತಿತ್ತು. ಅಂದು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ತಲೆ ಒರಗಿಸಿದ್ದಷ್ಟೇ ಗೊತ್ತು. ಕಂಡಕ್ಟರ್ ಭುಜ ಮುಟ್ಟದೆ ಸೀಟಿನ ಬೆನ್ನು ತಟ್ಟಿ ಎಬ್ಬಿಸಿದಾಗ ತನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಬಂದಿದ್ದಳು. “ಪರವಾಗಿಲ್ಲಪ್ಪ,” ಎಂದು ಇಳಿದು, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಬಂದ ದಾರಿಯಲ್ಲೇ ನಿಧಾನವಾಗಿ ನಡೆದಳು.