ಕಚೇರಿಯಲ್ಲಿ ಹಾಕಿದ ಒಡಪು

ನನ್ನ ತವರು ರಬಕವಿ, ಅತ್ತೆಮನೆ ಬನಹಟ್ಟಿ. ಮಾತಾಡುತ್ತ ನಡೆದರೆ ಮಾತು ಮುಗಿಯುವುದರೊಳಗೆ ಊರು ಬಂದಿರುತ್ತದೆ. ಆದರೂ ಅದು ಸಾಂಗಲಿ ಸಂಸ್ಥಾನ, ಇದು ಜಮಖಂಡಿ ಸಂಸ್ಥಾನ. ಮದುವೆಯಾಗಿ ಬಂದಾಗ ನನ್ನ ರಾಜರೂ ಬದಲಾದರು ಎಂಬುದು ಗೊತ್ತಾದದ್ದು ಆಫ್ರಿಕಾದ ಮೊಂಬಾಸಾಕ್ಕೆ ಹೊರಟಾಗ.

ಅಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ನನ್ನ ಗಂಡ ಲೆಕ್ಕ ಬರೆಯುವ ಮುನೀಮರು. ಹೋಗಿ ಮೂರು ವರ್ಷವಾಗಿತ್ತು. ಹೆಂಡತಿಯನ್ನು ಕರೆಸಿಕೊಳ್ಳಲು ಅಲ್ಲಿಯ ಸರ್ಕಾರ ಪರವಾನಗಿ ಕೊಟ್ಟಿತ್ತು, ಅದರ ಗಡುವೂ ಮುಗಿಯುತ್ತ ಬಂದಿತ್ತು. ಆದರೆ ಮುಂಬೈಯಲ್ಲಿ ಪಾಸ್‌ಪೋರ್ಟು ಸಿಗಬೇಕಾದರೆ ನಾನು ಜಮಖಂಡಿಯವಳೆಂದು ಇಲ್ಲಿಯ ಕಚೇರಿ ಬರೆದುಕೊಡಬೇಕು. ಹುಟ್ಟಿದ್ದು ರಬಕವಿಯಲ್ಲಿ. ಗಂಡನ ಮೂಲಕವಷ್ಟೇ ನಾನು ಜಮಖಂಡಿಯವಳು.

ಜಮಖಂಡಿಯ ಕಚೇರಿಗೆ ಹೊರಡುವಾಗ ಅತ್ತೆ ಎಚ್ಚರಿಸಿದರು.

“ಅಲ್ಲಿ ಗಂಡನ ಹೆಸರ ಹೇಳಿಗೀಳಿ ಮತ್ತ! ಅವನ ಆಯುಷ್ಯ ಕಡಿಮಿ ಆಗ್ತೈತಿ.”

ಆ ಹೆಸರನ್ನು ಓಣಿಗೆಲ್ಲ ಕೇಳುವಂತೆ ಒದರಿ ಮಗನನ್ನು ಬೆಳೆಸಿದವರು ಅವರೇ. ತಾಯಿ ಒದರಿದರೆ ಏನೂ ಆಗದ ಆಯುಷ್ಯ ಹೆಂಡತಿ ಹೇಳಿದರೆ ಮಾತ್ರ ಹೇಗೆ ಸವೆಯುತ್ತದೋ ನನಗಂತೂ ಇಂದಿಗೂ ತಿಳಿದಿಲ್ಲ. ಬಾಯಿ ಮುಚ್ಚಿಕೊಂಡು ಮಾವನ ಜೊತೆ ಚಕ್ಕಡಿ ಹತ್ತಿದೆ.

ಕಚೇರಿಯ ಸಾಹೇಬರು ಕೇಳಿದ ಮೊದಲ ಪ್ರಶ್ನೆಯೇ ಅದು. “ಯಜಮಾನರ ಹೆಸರೇನ್ರಿ?”

ನಾನು ತಲೆ ತಗ್ಗಿಸಿದೆ. ಮಾವ ಮುಂದೆ ಬಂದರು. “ನಾ ಹೇಳ್ತೇನ್ರಿ ಸಾಹೇಬ್ರ.”

“ನೀವ್ ಹೇಳಿದ್ರ ನಡಿಯೂದಿಲ್ರಿ. ಯಾರದೋ ಹೆಂಡತೀನ ತಮ್ಮಾಕಿ ಅಂತ ಹಡಗ ಹತ್ತಿಸಿದವರ ಅದಾರ. ಅಕ್ಕಾರ ಹೇಳಬೇಕು. ಇಲ್ಲಂದ್ರ ಕಾಗದದ ಮ್ಯಾಲ ಶಿಕ್ಕಾ ಬೀಳೂದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಹೆಸರು ಹೇಳಬಾರದೆನ್ನುವ ಮನೆ, ಹೇಳಲೇಬೇಕೆನ್ನುವ ಕಚೇರಿ! ಇವೆರಡರ ನಡುವೆ ನಾನು ಗಂಡನನ್ನು ಕಳೆದುಕೊಳ್ಳಲು ತಯಾರಿರಲಿಲ್ಲ. ನಮ್ಮಲ್ಲಿ ಮದುವೆ, ಬಸುರಿಯ ಕುಬಸದ ಮನೆಗಳಲ್ಲಿ ಪ್ರಾಸ ಕಟ್ಟಿ ಒಡಪು ಹಾಕಿದರೆ ಗಂಡನ ಹೆಸರು ಹೇಳಬಹುದು, ದೋಷವಿಲ್ಲ. ಕಚೇರಿಯಲ್ಲಿ ಹಾಕಬಾರದೆಂದು ಯಾರೂ ಹೇಳಿಲ್ಲವಲ್ಲ! ಮೇಜಿನ ಮೇಲೆ ಶಿಪಾಯಿ ಶಿಕ್ಕಾದ ಮುದ್ರೆ ಒತ್ತಲು ಅರಗು ಕರಗಿಸುತ್ತಿದ್ದ. ನಾನು ಸೆರಗು ಸರಿಮಾಡಿಕೊಂಡೆ. ಮಾವ ಅರ್ಥಮಾಡಿಕೊಂಡು ಗೋಡೆಯ ಕಡೆ ತಿರುಗಿ ನಿಂತರು.

“ಸಂಸ್ಥಾನದ ಶಿಕ್ಕಾಕ್ಕ ಕೆಂಪನ್ನ ಅರಗ, ಹಡಗದ ದಾರಿ ಕಾಯ್ತಾರ ಮನಿ ಹೊರಗ…” ಎಂದು ಶುರು ಮಾಡಿ, ಕೊನೆಗೆ ಅವರ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಎಲ್ಲವನ್ನೂ ಹೇಳಿ ಮುಗಿಸಿದೆ.

ಬರೆದುಕೊಳ್ಳುತ್ತಿದ್ದ ಕಾರಕೂನರು ಲೇಖನಿ ಕೆಳಗಿಟ್ಟು ನಕ್ಕರು. ಸಾಹೇಬರೂ ನಕ್ಕರು. “ಇದು ಖರೇ ಹೆಂಡತಿನ. ಹಾಕ್ರಿ ಶಿಕ್ಕಾ.”

ಮೊಂಬಾಸಾದ ಬಂದರಿನಲ್ಲಿ ಬಿಳಿಯ ಅಧಿಕಾರಿ ದುಭಾಷಿಯಿಂದ ಅದೇ ಪ್ರಶ್ನೆ ಕೇಳಿಸಿದ. ಅವನಿಗೆ ಒಡಪಿನ ಗಂಧಗಾಳಿ ಇರಲಿಲ್ಲ, ನನಗೂ ಕಾಯುವ ತಾಳ್ಮೆ ಉಳಿದಿರಲಿಲ್ಲ. ಪ್ರಾಸಗೀಸ ಎಲ್ಲ ಬಿಟ್ಟು, ಅತ್ತೆಯ ಹಾಗೇ ಗಟ್ಟಿಯಾಗಿ ಹೆಸರು ಹೇಳಿಬಿಟ್ಟೆ.

ಕಂಬಿಯ ಆಚೆಯ ಗುಂಪಿನಿಂದ “ಓ, ಬಂದೆ!” ಎಂಬ ದನಿ ಕೇಳಿತು.

ಅವರೇ. ಜನರನ್ನು ಸರಿಸಿಕೊಂಡು ಬಂದವರು ನನ್ನ ಮುಖ ನೋಡುವ ಮೊದಲು ನನ್ನ ಬೆನ್ನ ಹಿಂದೆ ಹುಡುಕಿದರು.

“ನಮ್ಮವ್ವನೂ ಬಂದಾಳೇನು ಅಂದ್ಕೊಂಡೆ,” ಎಂದರು. “ಇಲ್ಲಿ ಎಲ್ಲಾರೂ ಮುನೀಮಜೀ ಅಂತಾರ. ಹೆಸರ ಹಿಡದ ಕರದವರ ಯಾರೂ ಇಲ್ಲ.”

ನನಗೆ ಅಳು ಬಂತು. ಅಂದಿನಿಂದ ಆ ಊರಲ್ಲಿ ಇದ್ದಷ್ಟು ಕಾಲವೂ ಅವರನ್ನು ಹೆಸರು ಹಿಡಿದೇ ಕರೆದೆ.