ಶೈಲಾ ಮೇಡಂ ಕಲಿಸಿದ ಆಟ

ಎಳೆಯ ಮಕ್ಕಳು ಬಾಯಿಬಿಟ್ಟು ಹೇಳಲಾರದ ದುಃಖವನ್ನು ಆಟದಲ್ಲಿ ಹೊರಗೆ ಹಾಕುತ್ತಾರೆ; ಆ ಆಟದ ಪಕ್ಕದಲ್ಲಿ ಕೂಡುವುದು ಹೇಗೆ ಎನ್ನುವುದೇ ಶೈಲಾ ಕಲಿಸುತ್ತಿದ್ದ ವಿದ್ಯೆ. ನರ್ಸುಗಳಿಗೆ, ಶಿಕ್ಷಕಿಯರಿಗೆ, ಆಪ್ತಸಮಾಲೋಚಕರಿಗೆ ಅದನ್ನು ಹೇಳಿಕೊಡುತ್ತ ಆಕೆ ಬಾಗಲಕೋಟೆಯಿಂದ ಬಾದಾಮಿ, ಹುನಗುಂದ, ಇಳಕಲ್ ಎಂದು ಬಸ್ಸಿನಲ್ಲಿ ಅಲೆದು ಐವತ್ತು ದಾಟಿದ್ದಳು. ಕಲಿತವರು ಮಾತ್ರ ನಿಲ್ಲುತ್ತಿರಲಿಲ್ಲ. ಕೈ ಕುದುರಿತು ಅನ್ನುವಷ್ಟರಲ್ಲಿ ಒಬ್ಬರಿಗೆ ವರ್ಗ, ಇನ್ನೊಬ್ಬರಿಗೆ ಚುನಾವಣೆ ಕೆಲಸ. ಒಂದು ಊರಿನಲ್ಲಿ ಆಕೆ ಕಷ್ಟಪಟ್ಟು ಹೊಂದಿಸಿದ್ದ ಆಟದ ಕೋಣೆಯಲ್ಲಿ ಈಗ ಔಷಧದ ಖಾಲಿ ಡಬ್ಬಿಗಳನ್ನು ಒಟ್ಟಿದ್ದರು. ಇಳಕಲ್ಲಿನ ಆಸ್ಪತ್ರೆಯಲ್ಲಿ ಈ ತಂಡದ ತರಬೇತಿ ಮುಗಿದರೆ ಸಾಕಪ್ಪಾ ಎಂದುಕೊಂಡೇ ಬಂದಿದ್ದಳು.

ತಂಡದಲ್ಲಿ ದುಂಡೇಶ ಎಂಬ ತರುಣ ಸಮಾಲೋಚಕನಿದ್ದ. ಮನಸ್ಸು ಒಳ್ಳೆಯದು, ಬಾಯಿ ಮಾತ್ರ ಸುಮ್ಮನಿರದು. ಅವನ ಪಾಲಿಗೆ ಬಂದವಳು ನಾಲ್ಕು ವರ್ಷದ ರೂಬಿ. ಗ್ರಾನೈಟ್ ಕಲ್ಲನ್ನು ಲಾರಿಗೆ ಏರಿಸುವಾಗ ಆ ಕಲ್ಲಿನಡಿ ಸಿಕ್ಕು ಅವಳ ಅಪ್ಪ ತೀರಿಹೋಗಿದ್ದ. ಅಂದಿನಿಂದ ಮಗು ಮಾತು ಬಿಟ್ಟಿತ್ತು. ಅಜ್ಜ ಹುಸೇನಸಾಬ ಕೈಹಿಡಿದು ಕರೆತರುತ್ತಿದ್ದ.

ಮೊದಲ ದಿನ ರೂಬಿ ಮರಳು ತುಂಬಿದ ಟ್ರೇ ಮುಂದೆ ಕೂತಳು. ಒಂದು ಗೊಂಬೆಯನ್ನು ಮಲಗಿಸಿ, ಮರಳು ಮುಚ್ಚಿ, ಮೇಲೊಂದು ಮರದ ತುಂಡು ಇಟ್ಟಳು. ದುಂಡೇಶನಿಗೆ ತಡೆಯಲಾಗಲಿಲ್ಲ. ತುಂಡು ಸರಿಸಿ ಗೊಂಬೆಯನ್ನು ಎತ್ತಿಬಿಟ್ಟ.

“ನೋಡವಾ, ಏನೂ ಆಗಿಲ್ಲ ಇದಕ್ಕ. ಆರಾಮ ಐತಿ!”

ಮಗು ಅವನನ್ನೇ ದಿಟ್ಟಿಸಿ ನೋಡಿತು. ಆಮೇಲೆ ಎದ್ದುಹೋಗಿ ಅಜ್ಜನ ಲುಂಗಿಯಲ್ಲಿ ಮುಖ ಹುದುಗಿಸಿತು.

“ಸಮಾಧಾನ ಮಾಡಾಕ ಹೋಗಿದ್ದೆರಿ ಮೇಡಂ,” ಎಂದ ದುಂಡೇಶ, ಎಲ್ಲರೂ ಹೋದ ಮೇಲೆ.

“ಗೊತ್ತೈತಿ ತಮ್ಮಾ. ಆ ಆಟ ನೋಡಾಕ ನಿನಗ ಆಗಲಿಲ್ಲ, ಅಷ್ಟ.”

“ಹಂಗಾರ ಏನ್ ಮಾಡಬೇಕರಿ?”

“ಕೂಡಬೇಕು. ಆಕಿ ಮುಚ್ಚಿದ್ದನ್ನ ಆಕೀನ ತಗೀಲಿ. ತಗೀಲಿಲ್ಲಂದ್ರ ಹಂಗ ಇರಲಿ.”

ಇದೇ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದಳೋ, ಹೇಳುವಾಗ ತನ್ನ ದನಿ ತನಗೇ ಬೇಸರ ತಂದಿತು. ಮಗುವಿನ ಜೊತೆ ತಾನೇ ಕೂತುಬಿಡೋಣ ಅನ್ನಿಸಿತು. ಆದರೆ ತಾನು ಬಸ್ಸು ಹತ್ತಿದ ಮೇಲೆ ಊರಲ್ಲಿ ಉಳಿಯುವವನು ದುಂಡೇಶ. ಮರುದಿನದಿಂದ ಮೂಲೆಯಲ್ಲಿ ಕೂತು ನೋಡತೊಡಗಿದಳು.

ದುಂಡೇಶ ಬಾಯಿ ಬಿಗಿಹಿಡಿದು ಕೂತ. ವಾರಗಳು ಕಳೆದವು. ರೂಬಿ ಬರುವಳು, ಗೊಂಬೆ ಮುಚ್ಚುವಳು, ತುಂಡು ಇಡುವಳು, ಹೋಗುವಳು. ಹುಸೇನಸಾಬನಿಗೂ ಸಾಕಾಯಿತು.

“ಬರೇ ಆಟ ಆಡಸ್ತೀರಲ್ಲ ಮೇಡಂ. ಗುಳಿಗಿ ಏನೂ ಇಲ್ಲೇನ್ರಿ?”

“ಇಲ್ಲರಿ ಅಜ್ಜಾರ. ಇನ್ನಷ್ಟು ದಿನ ಕರಕೊಂಡು ಬರ್ರಿ.”

ಹಾಗೆ ಹೇಳುವಾಗ ಶೈಲಾಳಿಗೂ ಭರವಸೆ ಇರಲಿಲ್ಲ.

ಒಂದು ಮಧ್ಯಾಹ್ನ ರೂಬಿ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದಳು.

“ಭಾಳ ಭಾರ ಐತಿ ಅದು,” ಎಂದ ದುಂಡೇಶ, ಮೆಲ್ಲಗೆ.

ಮಗು ತಲೆಯೆತ್ತಿತು.

“ಹಿಡಿ.”

ಅವನು ಒಂದು ತುದಿ ಹಿಡಿದ. ಇಬ್ಬರೂ ಸೇರಿ ತುಂಡನ್ನು ಎತ್ತಿ ಪಕ್ಕಕ್ಕೆ ಇಟ್ಟರು. ರೂಬಿ ಮರಳು ಸರಿಸಿ ಗೊಂಬೆಯ ಮುಖ ಒರೆಸಿದಳು.

“ಏಳೂದಿಲ್ಲ,” ಅಂದಳು.

ಮೂಲೆಯಲ್ಲಿ ಕೂತಿದ್ದ ಶೈಲಾ ದುಂಡೇಶನತ್ತ ನೋಡಿದಳು.

“ಹೌದವಾ,” ಎಂದ ದುಂಡೇಶ. “ಏಳೂದಿಲ್ಲ.”

ಆಗ ಮಗು ಅತ್ತಿತು, ದೊಡ್ಡ ದನಿ ತೆಗೆದು. ಹೊರಗಿದ್ದ ಹುಸೇನಸಾಬ ಓಡಿಬಂದು ಅದನ್ನು ಎದೆಗವಚಿಕೊಂಡು ತಾನೂ ಅತ್ತ. ಆಮೇಲಾಮೇಲೆ ರೂಬಿ ಮನೆಯಲ್ಲಿ ನೀರು ಬೇಕು, ರೊಟ್ಟಿ ಬೇಕು ಎಂದು ಕೇಳತೊಡಗಿದಳಂತೆ. ಅಪ್ಪನ ಮಾತೆತ್ತಲು ಇನ್ನೂ ಬಹಳ ದಿನ ಹಿಡಿಯಿತು.

ಮಗು ಅತ್ತ ಆ ದಿನ ದುಂಡೇಶ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಶೈಲಾ ಅವನ ಪಕ್ಕ ಚಹಾ ಇಟ್ಟು ತಾನೂ ಕೂತಳು.

“ಪ್ರತಿಸಲ ಹಿಂಗ ಆಗತೈತೇನ್ರಿ ಮೇಡಂ?”

“ಇಲ್ಲ. ಭಾಳ ಸಲ ಏನೂ ಆಗೂದಿಲ್ಲ,” ಎಂದಳು. “ಚಹಾ ಕುಡಿ, ಆರತೈತಿ.”