ಕೌದಿಯ ಕವಚ

ಮೊದಲು ಇದನ್ನು ಹೇಳಿಬಿಡುತ್ತೇನೆ: ನನ್ನ ಕತ್ತಿ ಕಾಕಾ ಅವರನ್ನು ಮುಟ್ಟಿರಲಿಲ್ಲ. ಅವರ ಎದೆಗೂ ಕತ್ತಿಯ ತುದಿಗೂ ನಡುವೆ ಒಂದು ಗೇಣು ಜಾಗವಿತ್ತು. ಮರದ ಕತ್ತಿ. ನಾನು ಬೀಸಿದೆ, ಅಲ್ಲೇ ತಡೆದೆ, ಅವರು ಬಿದ್ದರು. ಅಭ್ಯಾಸದಲ್ಲಿ ಎಷ್ಟೋ ಸಲ ಹಾಗೆಯೇ ಬಿದ್ದಿದ್ದರು. ಆ ದಿನ ಮಾತ್ರ ಏಳಲಿಲ್ಲ.

ನಮ್ಮದೊಂದು ಸಣ್ಣ ಗುಂಪು. ದಾಂಡೇಲಿಯ ಅಂಬೇವಾಡಿಯಲ್ಲಿ ಕಾಕಾ ಅವರ ಮನೆಯ ಮಾಳಿಗೆಯ ಮೇಲೆ ಭಾನುವಾರ ಸೇರುತ್ತೇವೆ. ಕಾಕಾ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಬೆಳಗಾವಿ ಕಡೆಯ ಮನೆತನ. ಅವರ ಹೆಂಡತಿ ಧಾರವಾಡ ಕಡೆಯವರು, ನಮಗೆಲ್ಲ ಕಾಕು. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ಅವರ ಕೈ ಪಳಗಿದೆ. ಜೋಯಿಡಾದಿಂದ ಬರುವ ಹೆಂಗಸೊಬ್ಬರು, ನಾವು ಬಾಯಿ ಎಂದು ಕರೆಯುವವರು, ಬಿದಿರಿನ ಗುರಾಣಿ ಹೆಣೆಯುತ್ತಾರೆ, ಗುರಾಣಿ ಸೊಟ್ಟಗಾದರೆ ಅದಕ್ಕೆ ಕೊಂಕಣಿಯಲ್ಲಿ ಬೈಯುತ್ತಾರೆ. ಟೆಂಪೊ ಓಡಿಸುವ ಗೆಳೆಯನೊಬ್ಬ ಮರದ ತೊಗಟೆ ಕುದಿಸಿ ಬಟ್ಟೆಗೆ ಬಣ್ಣ ಹಾಕುತ್ತಾನೆ. ನಾನು ಹಳಿಯಾಳದಲ್ಲಿ ಹೈಸ್ಕೂಲು ಮಾಸ್ತರ. ಕೈಕೆಲಸ ಬಾರದ ಕಾರಣ ನನಗೆ ಯಾವಾಗಲೂ ವೈರಿಯ ಪಾತ್ರ.

ನಮ್ಮ ಕಡೆಯ ಹೊಲದ ಬದುಗಳಲ್ಲಿ, ಕೆರೆಯ ದಂಡೆಗಳಲ್ಲಿ ವೀರಗಲ್ಲುಗಳು ನಿಂತಿವೆ. ನಾವು ಹೋಗಿ ನೋಡುತ್ತೇವೆ. ಕಲ್ಲಿನ ಮನುಷ್ಯ ಏನು ಉಟ್ಟಿದ್ದಾನೆ, ಸೊಂಟಕ್ಕೆ ಗಂಟು ಎಲ್ಲಿ ಹಾಕಿದ್ದಾನೆ, ಕೂದಲು ಯಾವ ಕಡೆ ಕಟ್ಟಿದ್ದಾನೆ ಎಂದು ಗಮನಿಸಿ, ಅದನ್ನು ಕೈಯಿಂದ ಮಾಡಿ, ತೊಟ್ಟುಕೊಂಡು, ಅದೇ ಕಲ್ಲಿನ ಮುಂದೆ ಅವನ ಕತೆ ಹೇಳುತ್ತೇವೆ. ಅಂಬೇವಾಡಿಯ ಜನ ನಮ್ಮನ್ನು ನಾಟಕ ಕಂಪನಿ ಎನ್ನುತ್ತಾರೆ. ಕಾಕಾ ಅವರಿಗೆ ಅದು ಸೇರುವುದಿಲ್ಲ.

ನಾವೇ ಮಾಡಿಕೊಂಡ ಕಟ್ಟಳೆಗಳು ಎರಡು. ಕಲ್ಲಿನಲ್ಲಿ ಇಲ್ಲದ್ದು ಮೈಮೇಲೆ ಇರಬಾರದು. ಕತೆಯನ್ನು ಕಲ್ಲಿನ ಕೆಳಗಿನ ಪಟ್ಟಿಕೆಯಿಂದ ಶುರುಮಾಡಿ ಮೇಲಿನ ಪಟ್ಟಿಕೆಗೆ ಮುಗಿಸಬೇಕು, ನಡುವೆ ಬಿಟ್ಟು ಬರಬಾರದು. ಕೆಳಗೆ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಕಾಕಾ ಇದನ್ನು ಸತ್ತವನ ಬಾಯಿಂದಲೇ ಹೇಳುತ್ತಿದ್ದರು. ಕಾಳಗದಲ್ಲಿ ಬಿದ್ದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿದ್ದಲ್ಲಿಂದಲೇ ಮಾತು ಶುರುಮಾಡುತ್ತಿದ್ದರು. ಆ ಮೊದಲ ಮಾತು ಕೇಳುವುದಕ್ಕಾಗಿಯೇ ನಾನು ಭಾನುವಾರಗಳನ್ನು ಅವರಿಗೆ ಕೊಟ್ಟಿದ್ದೇನೆ.

ಮುಂಡಗೋಡದ ಆಚೆ, ಪಾಳಾ ಎಂಬ ಊರಿನ ಒಂದು ಹೊಲದ ಬದುವಿನಲ್ಲಿರುವ ಕಲ್ಲನ್ನು ನೋಡಲು ಹೋದಾಗ ಗಂಡ ಹೆಂಡತಿಗೆ ವಾದ ಹತ್ತಿತು. ವೀರನ ಎದೆಯ ಮೇಲೆ ಸಣ್ಣ ಸಣ್ಣ ಗೀರುಗಳ ಸಾಲುಗಳಿದ್ದವು.

"ಇವು ಉಳಿ ಗೀರು," ಎಂದರು ಕಾಕಾ.

"ಉಳಿ ಗೀರು ಹಿಂಗ ಸಾಲ ಹಿಡದು ಹೊಕ್ಕಾವೇನ್ರಿ? ಇದು ಕೌದಿ ಹೊಲಿಗಿ. ಅಂಗಿ ತೊಟ್ಟಾನ ಅಂವಾ."

"ಆಗಿನ ಕಾಲದಾಗ ನಿನ್ನ ತವರಮನಿಯವ್ರು ಇವಗ ಕೌದಿ ಹೊಲಕೊಟ್ಟಿದ್ರೇನು?"

"ಕೊಟ್ಟಿದ್ರ ಬದುಕತಿದ್ದ. ಈ ಕಲ್ಲ ನಿಲ್ಲಿಸೂ ಪ್ರಸಂಗನ ಬರ್ತಿರಲಿಲ್ಲ."

ಹೊಲದ ಮನೆಯವರೂ ನಕ್ಕರು. ಗೀರು ಯಾವುದರದೆಂದು ನನಗೆ ಇಂದಿಗೂ ಗೊತ್ತಿಲ್ಲ, ಬಹುಶಃ ಯಾರಿಗೂ ಗೊತ್ತಿಲ್ಲ. ಆದರೆ ಕಾಕು ಮರುದಿನವೇ ಹಳೆಯ ಧೋತರಗಳನ್ನು ಹಾಸಿಕೊಂಡು ಕೂತರು. ಮಳೆಗಾಲ ಕಳೆದು ಚಳಿ ಮುಗಿಯುವವರೆಗೆ ಹೊಲಿದರು. ತೊಡೆಯವರೆಗೆ ಬರುವ ದಪ್ಪ ಅಂಗಿ, ತೊಗಟೆಯ ಕೆಂಪು ಬಣ್ಣ, ಅದರ ಮೇಲೆ ಕಲ್ಲಿನಲ್ಲಿದ್ದಂತೆಯೇ ಬಿಳಿ ಹೊಲಿಗೆಯ ಸಾಲು. ಕಾಕಾ ಮುಟ್ಟಿ ನೋಡಿದರು. ಆ ವಾರ ಬಂದವರಿಗೆಲ್ಲ ಅದನ್ನೇ ತಂದು ತೋರಿಸಿದರು.

ಅಂಗಿಗೆ ಬೆನ್ನ ಕಡೆ ತೆರಪಿತ್ತು. ಮುಚ್ಚುವುದು ಹೇಗೆ? ಗುಂಡಿ ಹಚ್ಚೋಣವೆಂದು ನಾನೇ ಕೇಳಿದೆ.

"ಕಲ್ಲಿನ್ಯಾಗ ಗುಂಡಿ ಇಲ್ಲ, ಮಾಸ್ತರ," ಎಂದರು ಕಾಕು.

"ಕಟ್ಟುವ ಕಸಿ?"

"ಕಸೀನೂ ಇಲ್ಲ."

ಕಲ್ಲಿನ ವೀರ ನಮಗೆ ಎದುರಾಗಿ ನಿಂತಿದ್ದ. ಅವನ ಬೆನ್ನನ್ನು ಯಾರೂ ನೋಡಿರಲಿಲ್ಲ. ಈ ಮಾತು ಆಗ ಯಾರಿಗೂ ಹೊಳೆಯಲಿಲ್ಲ. ತೊಡಿಸಿದ ಮೇಲೆ ಬೆನ್ನಿನ ಮೇಲೆಯೇ ಹೊಲಿದುಬಿಡುವುದು ಎಂದಾಯಿತು.

ಬೇಸಿಗೆಯ ಒಂದು ಭಾನುವಾರ, ಬಿಸಿಲು ಏರುವ ಮೊದಲೇ ಕತೆ ಮುಗಿಸಬೇಕೆಂದು ಹೊರಟಿದ್ದೆವು. ಟೆಂಪೊದ ಗಾಲಿ ದಾರಿಯಲ್ಲಿ ಪಂಕ್ಚರ್ ಆಯಿತು. ಪಾಳಾ ಮುಟ್ಟಿದಾಗ ಹೊಲದ ಕೂಳೆ ಬಿಸಿಲಿಗೆ ಮಿಂಚುತ್ತಿತ್ತು. ಬಟ್ಟೆ ಬದಲಿಸಿದೆವು. ಕಾಕು ಗಂಡನ ಬೆನ್ನ ಹಿಂದೆ ನಿಂತು ಹೊಲಿದರು.

"ಚಂದಾಗಿ ಹೊಲಿ," ಎಂದರು ಕಾಕಾ. "ಇಷ್ಟ ವರ್ಷ ಬಾಯಿಲೇ ಕಟ್ಟಿದ್ದಿ, ಈಗ ದಾರದಲೇ ಕಟ್ಟು."

ದಾರವನ್ನು ಕಾಕು ಕತ್ತರಿಯಿಂದ ಕತ್ತರಿಸಿದರು. ಆಮೇಲೆ ಎಂದಿನಂತೆ ಈ ಕಾಲದ್ದೆಲ್ಲ ಕಬ್ಬಿಣದ ಟ್ರಂಕಿಗೆ ಹೋಯಿತು: ಮೊಬೈಲು, ಗಡಿಯಾರ, ನನ್ನ ಚಷ್ಮಾ, ಆ ಕತ್ತರಿ. ಗೆಳೆಯ ಟ್ರಂಕಿಗೆ ಬೀಗ ಹಾಕಿ, ಟೆಂಪೊ ಕಣ್ಣಿಗೆ ಬೀಳಬಾರದೆಂದು ದೂರದ ಮಾವಿನ ಮರದ ಹಿಂದೆ ನಿಲ್ಲಿಸಿ ಬಂದ.

ಕತೆ ಚೆನ್ನಾಗಿಯೇ ಶುರುವಾಯಿತು. ನಾನು ಹೊಲದ ಮನೆಯವರ ಆಕಳುಗಳನ್ನು ಕದ್ದು ಹೊಡೆದುಕೊಂಡು ಹೋಗಬೇಕು. ಅವು ಹೋಗಲಿಲ್ಲ, ಬದುವಿನ ಹುಲ್ಲಿಗೆ ಬಾಯಿ ಹಾಕಿ ನಿಂತವು.

"ಮಾಸ್ತರ, ಕಳುವು ಮಾಡಾಕೂ ಕಲಿಬೇಕ್ರಿ!" ಎಂದು ಹೊಲದ ಮನೆಯ ಹೆಂಗಸು ಕೂಗಿದರು. ಮೇವು ಕೊಯ್ಯುತ್ತಿದ್ದವರು ಕೆಲಸ ಬಿಟ್ಟು ನೋಡಲು ಬಂದಿದ್ದರು.

ಕಾಕಾ ಗುರಾಣಿ ಹಿಡಿದು ಅಡ್ಡ ಬಂದರು. ಮುಖ ಕೆಂಪಾಗಿತ್ತು. ಆವೇಶ ಎಂದುಕೊಂಡೆ. ನಾನು ಕತ್ತಿ ಬೀಸಿ ತಡೆದೆ. ಅವರು ಬಿದ್ದರು. ನಾನು ಆಕಳುಗಳಿಗೆ "ಹೋ" ಎಂದು ಕೂಗಿದೆ; ಆ ಕೂಗಿನ ನಂತರ ಸತ್ತವನು ಮಾತಾಡಬೇಕು. ಮಾತು ಬರಲಿಲ್ಲ. ಮತ್ತೆ ಕೂಗಿದೆ. ಜನ ಕಾಯುತ್ತಿದ್ದರು. "ನಿದ್ದಿ ಹತ್ತೇತಿ ಹಿರ್ಯಾರಿಗೆ," ಎಂದು ಹಿಂದಿನಿಂದ ಯಾರೋ ಅಂದರು, ನಗು ಎದ್ದಿತು.

ಆಗ ನನ್ನ ಕಣ್ಣು ಅವರ ಕತ್ತಿಯ ಮೇಲೆ ಬಿತ್ತು. ಸಾಗವಾನಿಯಲ್ಲಿ ಕಾಕಾ ತಾವೇ ಕೆತ್ತಿ ಎಣ್ಣೆ ತಿಕ್ಕಿದ ಕತ್ತಿ. ಅದಕ್ಕೆ ಗೀರು ಬೀಳಬಾರದೆಂದು ಬೀಳುವಾಗಲೂ ಅದನ್ನು ಎದೆಗವಚಿಕೊಂಡೇ ಬೀಳುತ್ತಿದ್ದರು. ಸತ್ತವನು ಹಾಗೆ ಹಿಡಿಯುವುದಿಲ್ಲ ಎಂದು ನಾವು ಎಷ್ಟೋ ಸಲ ಜಗಳ ತೆಗೆದಿದ್ದೆವು. ಈಗ ಕತ್ತಿ ಅವರ ಕೈ ಬಿಟ್ಟು ದೂರ, ಹೆಂಟೆಗಳ ನಡುವೆ ಬಿದ್ದಿತ್ತು.

ಕಾಕು ಅದನ್ನು ನನಗಿಂತ ಮೊದಲೇ ನೋಡಿದ್ದರು. ನಾನು ತಿರುಗುವಷ್ಟರಲ್ಲಿ ಗಂಡನ ಪಕ್ಕದಲ್ಲಿ ಕುಕ್ಕರಿಸಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು, ಬೆವರಿರಲಿಲ್ಲ. ಉಸಿರು ಸಣ್ಣಗೆ ಎಳೆಯುತ್ತಿತ್ತು. ಮಗ್ಗುಲಾಗಿಸಿ ಬೆನ್ನಿನ ಹೊಲಿಗೆಗೆ ಕೈ ಹಾಕಿದೆವು. ಮುಪ್ಪುರಿ ದಾರ, ಉಗುರಿಗೆ ಸಿಗಲಿಲ್ಲ, ಹಲ್ಲಿಗೆ ಸಿಗಲಿಲ್ಲ.

"ಕತ್ತರಿ," ಎಂದರು ಕಾಕು.

ಗೆಳೆಯ ಮಾವಿನ ಮರದ ಕಡೆ ಓಡಿದ. ಅವನು ಓಡುವುದನ್ನು ನೋಡುತ್ತ ಆ ಮರ ಎಷ್ಟು ದೂರವಿದೆಯೆಂದು ನನಗೆ ಮೊದಲ ಬಾರಿ ತಿಳಿಯಿತು. ಅಷ್ಟರಲ್ಲಿ ಹೊಲದ ಮನೆಯ ಹೆಂಗಸು ನನ್ನನ್ನು ಪಕ್ಕಕ್ಕೆ ತಳ್ಳಿ ಬಂದು ಕುಡುಗೋಲನ್ನು ಕಾಕು ಅವರ ಕೈಗೆ ಕೊಟ್ಟರು.

"ಹೊಲಿಗಿ ಬಿಡಿಸ್ಕೋತ ಕೂಡಬ್ಯಾಡ್ರಿ ಅವ್ವಾರ. ಕೊಯ್ರಿ."

ಕಾಕು ಕೊಯ್ದರು. ಬೆನ್ನಿನ ಹೊಲಿಗೆಯ ಗುಂಟ ಹೋಗಲಿಲ್ಲ, ಅಲ್ಲಿ ಚರ್ಮ ಹತ್ತಿರವಿತ್ತು. ಪಕ್ಕೆಯ ಬಟ್ಟೆಯನ್ನು ಮೈಯಿಂದ ಎತ್ತಿ ಹಿಡಿದು, ಒಂದು ಚಳಿಗಾಲವೆಲ್ಲ ತಾವು ಹಾಕಿದ ಸಾಲುಗಳ ಮೇಲೆಯೇ ಕುಡುಗೋಲು ಎಳೆದರು. ಪದರುಗಳು ಹರಿಯುವ ಸದ್ದು ನನಗೆ ಈಗಲೂ ಕೇಳುತ್ತದೆ. ಜೋಯಿಡಾದ ಬಾಯಿ ಗಡಿಗೆಯ ನೀರನ್ನೆಲ್ಲ ಕಾಕಾ ಅವರ ಮೈಮೇಲೆ ಸುರಿದರು, ಆಮೇಲೆ ಗುರಾಣಿಯಿಂದ ಗಾಳಿ ಹಾಕಿದರು. ಟೆಂಪೊ ಬಂತು. ನಾವು ಉಟ್ಟ ಬಟ್ಟೆಯಲ್ಲೇ, ಸೊಂಟಕ್ಕೆ ಗಂಟು ಹಾಕಿಕೊಂಡು, ಗಂಡಸರು ಬರಿಮೈಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ಇಳಿದೆವು. ಯಾರೂ ನಗಲಿಲ್ಲ.

ಬಿಸಿಲು ಬಡಿದದ್ದು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸಂಜೆಗೆ ಕಾಕಾ ಕಣ್ಣು ಬಿಟ್ಟರು, ಆದರೆ ಮಾತು ಹುಡುಕುತ್ತಿದ್ದರು. ಒಂದು ಶಬ್ದ ಬಂದು ಇನ್ನೊಂದಕ್ಕೆ ಕಾಯಬೇಕಾಗುತ್ತಿತ್ತು. ನನ್ನನ್ನು ನೋಡಿ ಮೊದಲು ಕೇಳಿದ್ದು ಇದು:

"ಮಾಸ್ತರ... ಕತಿ... ಎಲ್ಲಿಗೆ ನಿಂತೈತಿ?"

"ಕೆಳಗಿನ ಪಟ್ಟಿಕಿಗೆ ನಿಂತೈತ್ರಿ ಕಾಕಾ."

"ಅಂದ್ರ... ನಾ ಇನ್ನೂ ಸತ್ತ ಬಿದ್ದೇನಿ."

ಕಾಕು ಸೆರಗಿನಿಂದ ಮುಖ ಒರೆಸಿಕೊಂಡು, "ಬಾಯಿ ಮುಚ್ಚರಿ," ಎಂದರು.

ಮನೆಗೆ ಬಂದ ಮೇಲೂ ಕಾಕಾ ಅವರ ಮಾತು ನಿಧಾನವೇ ಇತ್ತು. ಮತ್ತೆ ಕತೆ ಹೇಳಲಾದೀತೇ ಎಂದು ನಾವು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅವರಿಗೆ ಮಾತ್ರ ಅದೊಂದೇ ಚಿಂತೆ. ನಡುವೆ ಬಿಟ್ಟು ಬಂದಿದ್ದೇವೆ, ಆ ಮನುಷ್ಯ ಬಿದ್ದೇ ಇದ್ದಾನೆ ಎನ್ನುತ್ತಿದ್ದರು. ಕಾಕು ಒಂದೇ ಮಾತು ಹೇಳಿದರು: ಮೊದಲ ಮಳೆ ಬಂದು ನೆಲ ತಣ್ಣಗಾಗಲಿ.

ಮಳೆ ಬಂತು. ಮಾರನೆಯ ಬೆಳಿಗ್ಗೆ ಪಾಳಾದಲ್ಲಿದ್ದೆವು. ಈ ಸಲ ಟ್ರಂಕು ಕಲ್ಲಿನ ಪಕ್ಕದಲ್ಲೇ ಇತ್ತು, ಮುಚ್ಚಳ ತೆರೆದಿತ್ತು. ಕಾಕಾ ತೊಗಟೆಯ ಬಣ್ಣದ ಧೋತರವೊಂದನ್ನು ಸಡಿಲಾಗಿ ಉಟ್ಟಿದ್ದರು. ಕಾಕು ಚೀಲದಿಂದ ಆ ಅಂಗಿಯನ್ನು ತೆಗೆದರು. ಕೊಯ್ದ ಅಂಚುಗಳಿಗೆ ಮಡಿಕೆ ಹಾಕಿ ಹೊಲಿದಿದ್ದರು. ಪಕ್ಕೆ ತೆರೆದದ್ದರಿಂದ ಅದು ಈಗ ಚಪ್ಪಟೆಯಾಗಿ ಹಾಸಲು ಬರುತ್ತಿತ್ತು. ಒಂದು ಸೊಟ್ಟ ಕೌದಿ. ಒದ್ದೆ ನೆಲದ ಮೇಲೆ ಹಾಸಿದರು. ಕಾಕಾ ಅದರ ಮೇಲೆ ಕಲ್ಲಿಗೆ ಬೆನ್ನು ಕೊಡದೆ, ಓರೆಯಾಗಿ ಕೂತರು. ಬೀಳಲಿಲ್ಲ. ಕಾಕು ಬಿಡಲಿಲ್ಲ.

ಹೊಲದ ಮನೆಯವರೆಲ್ಲ ಬಂದು ಸುತ್ತ ಕೂತಿದ್ದರು. ಕಾಕಾ ನಡುವಿನ ಪಟ್ಟಿಕೆಯ ಮೇಲೆ ಕೈಯಿಟ್ಟರು.

"ನಾ ಬಿದ್ದಿದ್ದೆ," ಎಂದರು. "ಮೈ ಸುಡತಿತ್ತು. ಮ್ಯಾಲಿಂದ ಹೆಣ್ಣಮಕ್ಕಳು ಬಂದ್ರು. ಒಬ್ಬಾಕಿ ಮೈಮ್ಯಾಲ ನೀರ ಹೊಯ್ದಳು. ಒಬ್ಬಾಕಿ ಕೈಯಾಗ... ಕುಡುಗೋಲ ಇತ್ತು."

ಹೊಲದ ಮನೆಯ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡರು.

"ಕಲ್ಲಿನ್ಯಾಗ ಕುಡುಗೋಲ ಇಲ್ರಿ," ಎಂದರು ಕಾಕು.

"ಕಲ್ಲ ಕೆತ್ತಿದಾಂವಾ ಅವತ್ತ ಬಂದಿರಲಿಲ್ಲ," ಎಂದರು ಕಾಕಾ. ಶಬ್ದಕ್ಕೂ ಶಬ್ದಕ್ಕೂ ನಡುವೆ ತಡೆಯುತ್ತ, ಎಲ್ಲಿಯೂ ಬಿಡದೆ, ಮುಂದುವರಿಸಿದರು. ಆಮೇಲೆ ಕೈ ಎತ್ತಿ ಮೇಲಿನ ಪಟ್ಟಿಕೆ ಮುಟ್ಟಿದರು.